ಅಂಗಡಿಯಲ್ಲಿ ಆಫ್ ಆಗದ ಲ್ಯಾಪ್‌ಟಾಪ್

ನನ್ನ ತಮ್ಮನನ್ನು ಬೀದಿಯವರೆಲ್ಲ ಕರೆಯುವುದು ‘ನೋಡೋಣ’ ಎಂದು. ಹೆಸರಿಟ್ಟ ಅಪ್ಪ, ಅಮ್ಮ ಇಬ್ಬರೂ ಈಗಿಲ್ಲವಾದ್ದರಿಂದ ಬೇಜಾರು ಮಾಡಿಕೊಳ್ಳುವವರೂ ಯಾರೂ ಇಲ್ಲ. ಕೆಟ್ಟ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದವರು "ಸರಿ ಹೋಗುತ್ತಾ?" ಎಂದು ಕೇಳಿದರೆ ಇವನ ಬಾಯಲ್ಲಿ ಬರುವುದು ಅದೊಂದೇ ಮಾತು, ನೋಡೋಣ. "ನಾಳೆ ಸಿಗುತ್ತಾ?" ಎಂದರೂ ನೋಡೋಣ. "ಊಟಕ್ಕೆ ಏಳ್ತೀಯೇನೋ?" ಎಂದು ನಾನು ಕೂಗಿದರೂ ನೋಡೋಣ. ಬೀದಿಯಲ್ಲಿ ಆಡುವ ಮಕ್ಕಳು ಕೂಡ "ನೋಡೋಣಣ್ಣಾ, ಬಾಲ್ ಒಳಗೆ ಬಂತು" ಎನ್ನುತ್ತಾರೆ. ಅದಕ್ಕೆ ಇವನು ಕೋಪ ಮಾಡಿಕೊಳ್ಳುವುದಿಲ್ಲ, ಬಗ್ಗಿ ಚೆಂಡು ಹುಡುಕಿ ಕೊಡುತ್ತಾನೆ.

ಮದುವೆಯ ವಿಷಯದಲ್ಲೂ ಇದೇ ಆಯಿತು. ತಲೆಗೂದಲು ಕಪ್ಪಗಿದ್ದ ಕಾಲದಲ್ಲಿ ಒಳ್ಳೊಳ್ಳೆಯ ಕಡೆಯಿಂದ ಕೇಳಿಕೊಂಡು ಬಂದಿದ್ದರು. ಇವನು ಮೀನಮೇಷ ಎಣಿಸುತ್ತ ಕುಳಿತ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುವ ಗಾದೆ ಇವನನ್ನು ನೋಡಿಯೇ ಹುಟ್ಟಿರಬೇಕು. ಆ ಹುಡುಗಿಯರಿಗೆಲ್ಲ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳ ಅಂಕಪಟ್ಟಿಗಳನ್ನು ಈಗ ನಾನೇ ಜೆರಾಕ್ಸ್ ಮಾಡಿಕೊಡುತ್ತಿದ್ದೇನೆ. ನನ್ನದು ಮದುವೆಯಾಗಿ, ಮುರಿದು, ಮುಗಿದ ಕಥೆ. ಅದು ಇಲ್ಲಿ ಬೇಡ.

ನಮ್ಮದು ಅಂಗಡಿ ಒಂದೇ, ಕಸುಬು ಎರಡು. ಮುಂದಿನ ಅರ್ಧ ನನ್ನ ಜೆರಾಕ್ಸ್ ಯಂತ್ರದ್ದು, ಹಿಂದಿನ ಅರ್ಧ ಅವನ ಮೇಜಿನದ್ದು. ಆ ಮೇಜಿನ ಮೇಲೆ ಕತ್ತು ಬಾಗಿಸುವ ದೀಪ, ಹಲ್ಲುಜ್ಜಿ ಸವೆದ ಬ್ರಷ್ಷುಗಳು, ಶಾಲೆ ಮಕ್ಕಳ ರಬ್ಬರು, ಬಿಚ್ಚಿದ ಸ್ಕ್ರೂ ಹಾಕಲು ಮೊಟ್ಟೆಯ ಟ್ರೇ. ಯಾವ ಸ್ಕ್ರೂ ಯಾವ ತೂತಿನದ್ದೆಂದು ಅವನು ಎಂದೂ ಬರೆದುಕೊಂಡವನಲ್ಲ. ಬಿಚ್ಚಿದ ಕ್ರಮದಲ್ಲೇ ಟ್ರೇಯ ಗುಳಿಗಳಿಗೆ ಹಾಕುತ್ತಾ ಹೋಗುತ್ತಾನೆ, ಮುಚ್ಚುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬರುತ್ತಾನೆ. ಅವನ ಹಿಂದೆ ಒಂದು ಸಣ್ಣ ಕಿಟಕಿ. ಅದು ಹಿಂದಿನ ಬೀದಿಗೆ ತೆರೆಯುತ್ತದೆ.

ಅವನ ಜಾಗಕ್ಕೂ ನನ್ನ ಜಾಗಕ್ಕೂ ನಡುವೆ ಒಂದು ಸ್ಟೂಲಿದೆ. ಅದರ ಮೇಲೆ ನಾನು ಯಾವಾಗಲೂ ಕಾಗದದ ಕಟ್ಟುಗಳನ್ನು ಪೇರಿಸಿ ಇಟ್ಟಿರುತ್ತೇನೆ. ಬೇರೆ ಕಡೆ ಜಾಗವಿಲ್ಲವೆಂದಲ್ಲ. ಬಂದವರಿಗೆ ಕೂರಲು ಕೊಟ್ಟರೆ ಅವರ ಮನೆಯ ಪುರಾಣವನ್ನೆಲ್ಲ ಕೇಳಬೇಕಾಗುತ್ತದೆ, ನಿಂತವರು ಬೇಗ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಗಿರಾಕಿ ಕುಳಿತದ್ದು ನನಗೆ ನೆನಪಿಲ್ಲ.

ಟೈಲರಮ್ಮ ಮೊದಲ ಸಲ ಬಂದಾಗಲೂ ನಿಂತೇ ಇದ್ದಳು. ಹಿಂದಿನ ಬೀದಿಯಲ್ಲಿ, ನಮ್ಮ ಕಿಟಕಿಗೆ ಓರೆಯಾಗಿ ಕಾಣುವ ಮನೆಯಲ್ಲಿ ಹೊಲಿಗೆ ಮಾಡುವವಳು. ಮುಖ ಕಂಡು ಗೊತ್ತಿತ್ತು, ಮಾತಿರಲಿಲ್ಲ. ಆಕೆಯ ಗಂಡನನ್ನು ಮಾತ್ರ ಎಲ್ಲರೂ ಬಲ್ಲರು. ಮೈಕ್‌ಸೆಟ್ಟಿನವನು. ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಚುನಾವಣೆಯ ಭಾಷಣವಿರಲಿ, ಅವನ ಕಪ್ಪು ಪೆಟ್ಟಿಗೆಗಳು ಬರದೆ ಏನೂ ಶುರುವಾಗುತ್ತಿರಲಿಲ್ಲ. ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ಆಮೇಲೆ ಪೆಟ್ಟಿಗೆ, ವೈರು, ಕಂಬ ಎಲ್ಲವನ್ನೂ ಆಕೆ ಯಾರಿಗೋ ಕೊಟ್ಟುಬಿಟ್ಟಳು. ಲ್ಯಾಪ್‌ಟಾಪ್ ಒಂದನ್ನು ಉಳಿಸಿಕೊಂಡಳು.

ಅದನ್ನು ತಾನೇ ಹೊಲಿದ ದಪ್ಪ ಬಟ್ಟೆಯ ಚೀಲದಿಂದ ತೆಗೆದು ತಮ್ಮನ ಮೇಜಿನ ಮೇಲಿಟ್ಟಳು.

"ಅವರು ಹೋದಾಗಿನಿಂದ ಬೀರುವಿನಲ್ಲೇ ಇತ್ತು. ಈಗ ಗುಂಡಿ ಒತ್ತಿದ್ರೆ ಉಸಿರೇ ಇಲ್ಲ," ಎಂದಳು. "ಇದರಲ್ಲಿ ಅವರು ಜೋಡಿಸಿಟ್ಟ ಹಾಡುಗಳಿವೆ. ನಾನು ಹೊಲಿಯೋಕೆ ಕೂತಾಗ ಹಾಕಿಕೊಡ್ತಿದ್ರು. ಸಂಜೆವರೆಗೂ ಒಂದಾದ ಮೇಲೊಂದು ಬರ್ತಾ ಇರುತ್ತೆ."

"ಹಾಡು ಫೋನಲ್ಲೂ ಬರುತ್ತಲ್ಲಮ್ಮ," ಎಂದೆ ನಾನು. ನನ್ನ ನಾಲಿಗೆ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ.

"ಬರುತ್ತೆ ಅಕ್ಕ. ಆದ್ರೆ ಯಾವುದರ ಹಿಂದೆ ಯಾವುದು ಬರಬೇಕು ಅನ್ನೋದು ಅವರಿಗೊಬ್ಬರಿಗೇ ಗೊತ್ತಿದ್ದಿದ್ದು. ನಾನು ಹಾಕಿಕೊಂಡ್ರೆ ಆ ಥರ ಆಗಲ್ಲ."

ತಮ್ಮ ದೀಪದ ಕೆಳಗಿನಿಂದ ತಲೆಯೆತ್ತಿ ಆಕೆಯನ್ನು ನೋಡಿದ. "ನೋಡೋಣ," ಎಂದ. ಅದೇ ಹಳೆಯ ಮಾತು, ಆದರೆ ಎಂದಿಗಿಂತ ಮೆಲ್ಲಗೆ ಹೇಳಿದ.

ಬ್ಯಾಟರಿ ಸತ್ತಿತ್ತು. ಹೊಸದು ಹಾಕಿದ, ಫ್ಯಾನಿನ ದೂಳು ತೆಗೆದ, ಇಡೀ ದಿನ ಓಡಿಸಿ ನೋಡಿದ. ಎಲ್ಲಿಯೂ ನಿಲ್ಲಲಿಲ್ಲ. ಆಕೆ ಖುಷಿಯಿಂದ ತೆಗೆದುಕೊಂಡು ಹೋದಳು. ಮರುದಿನ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಚೀಲ ಹಿಡಿದು ನಿಂತಿದ್ದಳು.

"ಮನೇಲಿ ಹಾಕಿದ ತಕ್ಷಣ ಆಫ್ ಆಗುತ್ತೆ."

"ಹಾಕಿದ ತಕ್ಷಣ ಅಂದ್ರೆ?" ತಮ್ಮ ಕೇಳಿದ.

"ಗುಂಡಿ ಒತ್ತಿದ್ರೆ ಬೆಳಕು ಬರುತ್ತೆ. ಪಾಸ್‌ವರ್ಡ್ ಕೇಳುತ್ತೆ. ಒಂದಕ್ಷರ ಒತ್ತೋಣ ಅಂತ ಕೈ ಇಡೋಷ್ಟರಲ್ಲಿ ಕಣ್ಣು ಮುಚ್ಚಿಬಿಡುತ್ತೆ."

ತಮ್ಮ ಗುಂಡಿ ಒತ್ತಿದ. ಬೆಳಕು ಬಂತು, ಹಾಗೇ ನಿಂತಿತು. ಆಕೆಗೇ ಒತ್ತಲು ಹೇಳಿದ. ಆಕೆ ಎರಡೂ ಕೈ ಇಟ್ಟು ಪಾಸ್‌ವರ್ಡ್ ಹಾಕಿದಳು. ಆಗಲೂ ಏನೂ ಆಗಲಿಲ್ಲ.

"ನನ್ನನ್ನ ಸುಳ್ಳಿ ಮಾಡ್ತಾ ಇದೆ ನೋಡಿ," ಎಂದಳು. ನಗುವುದೋ ಅಳುವುದೋ ಗೊತ್ತಾಗದ ಮುಖ ಮಾಡಿಕೊಂಡು ಅದನ್ನು ಬಿಟ್ಟುಹೋದಳು.

ಹಾಕಿದ ಕೂಡಲೇ ಆರಿಹೋಗುವ ಲ್ಯಾಪ್‌ಟಾಪಿಗೆ ಕಾರಣಗಳು ಹಲವು ಎಂಬುದು ಇವನ ಪಕ್ಕದಲ್ಲಿ ಕೂತು ಕೂತು ನನಗೂ ಗೊತ್ತಾಗಿದೆ. ಚಾರ್ಜರ್ ಸೋತಿರಬಹುದು. ಫ್ಯಾನ್ ತಿರುಗದೆ ಒಳಗೆ ಬಿಸಿಯಾಗಿರಬಹುದು. ಪವರ್ ಗುಂಡಿ ಒತ್ತಿದಲ್ಲೇ ಕಚ್ಚಿಕೊಂಡಿರಬಹುದು. ರ‍್ಯಾಮ್ ಎನ್ನುವ ಬೆರಳುದ್ದದ ಪಟ್ಟಿ ಸಡಿಲವಾಗಿರಬಹುದು. ಇವನು ಒಂದೊಂದನ್ನೂ ನೋಡಿದ. ಬೇರೆ ಚಾರ್ಜರ್ ಕೊಟ್ಟು ಕಳಿಸಿದ, ಆಕೆ ವಾಪಸ್ ಬಂದಳು. ಒಳಗೆ ಬಿಸಿ ತಗ್ಗಿಸಲು ಬಳಿದಿದ್ದ, ಒಣಗಿದ ಪೇಸ್ಟ್ ಕೆರೆದು ಹೊಸದು ಬಳಿದ, ವಾಪಸ್ ಬಂದಳು. ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಕೂರಿಸಿದ, ಮತ್ತೆ ಬಂದಳು. ನಮ್ಮಲ್ಲಿ ಅದು ಕುದುರೆಯ ಹಾಗೆ ಓಡುತ್ತಿತ್ತು. ಆಕೆಯ ಮನೆ ಸೇರಿದ ಕೂಡಲೇ ಮಲಗಿಬಿಡುತ್ತಿತ್ತು.

ಇಷ್ಟರ ನಡುವೆ ಕೆಟ್ಟದ್ದು ಲ್ಯಾಪ್‌ಟಾಪ್ ಒಂದೇ ಅಲ್ಲ ಎನ್ನುವುದು ನನ್ನ ಕಣ್ಣಿಗೆ ಬಿತ್ತು. ನನ್ನ ತಮ್ಮ ಮೇಜು ಒರೆಸತೊಡಗಿದ. ಮೊಣಕೈ ಹರಿದ ಅಂಗಿ ಬಿಟ್ಟು ಇಸ್ತ್ರಿಯಾದ ಅಂಗಿ ಹಾಕತೊಡಗಿದ. ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಂಡು ಬಂದು ಕೂತ.

"ಇವತ್ತು ಯಾವ ಲ್ಯಾಪ್‌ಟಾಪಿಗೆ ನಿಶ್ಚಿತಾರ್ಥನೋ?" ಎಂದು ಕೇಳಿದೆ.

ಕಿವಿಯ ತುದಿ ಕೆಂಪಾಯಿತು. "ಸುಮ್ನಿರಕ್ಕ," ಎಂದ. ನಾನು ಸುಮ್ಮನಿರುವ ಪೈಕಿಯವಳಲ್ಲ ಎಂದು ಅವನಿಗೂ ಗೊತ್ತು.

ನನಗೆ ಇನ್ನೊಂದು ಅನುಮಾನವೂ ಬಂದಿತ್ತು. ಎಂಥೆಂಥ ನೀರು ಕುಡಿದ, ಬಿದ್ದು ಒಡೆದ ಲ್ಯಾಪ್‌ಟಾಪುಗಳನ್ನು ಎಬ್ಬಿಸಿ ಕೂರಿಸಿದವನಿಗೆ ಇದೊಂದು ಯಾಕೆ ಬಗ್ಗುತ್ತಿಲ್ಲ? ಆಕೆ ಬಿಟ್ಟುಹೋದ ಒಂದು ಮಧ್ಯಾಹ್ನ ನೇರವಾಗಿ ಕೇಳಿಯೇಬಿಟ್ಟೆ. "ನಿಜ ಹೇಳು. ಆಕೆ ಬರ್ತಾ ಇರಲಿ ಅಂತ ಬೇಕಂತಲೇ ಬಿಟ್ಟಿದ್ದೀಯೇನೋ?"

ಸ್ಕ್ರೂಡ್ರೈವರ್ ಕೆಳಗಿಟ್ಟ. ಅವನ ಮುಖ ನೋಡಿ, ಕೇಳಬಾರದಿತ್ತು ಅನ್ನಿಸಿತು.

"ಅವರಿಗೆ ಉಳಿದಿರೋದು ಅದೊಂದು ಅಕ್ಕ. ಅದರಲ್ಲಿ ಆಟ ಆಡ್ತೀನಾ ನಾನು?" ಎಂದ. ಮೊಟ್ಟೆಯ ಟ್ರೇಯನ್ನು ಪಕ್ಕಕ್ಕೆ ಸರಿಸಿದ. "ಸರಿ ಹೋಗಲಿ ಅಂತಾನೇ ಇದೆ. ಸರಿ ಹೋದ್ರೆ ಮತ್ತೆ ಬರಲ್ಲ ಅನ್ನೋದೂ ಗೊತ್ತು. ಎರಡೂ ಒಟ್ಟಿಗೆ ಇದೆ, ಏನು ಮಾಡಲಿ?"

ಇವನ ಬಾಯಿಂದ ಇಷ್ಟುದ್ದದ ಮಾತು ಕೇಳಿ ವರ್ಷಗಳಾಗಿದ್ದವು. ನಾನು ಎದ್ದು ಹೋಗಿ ಟೀ ಮಾಡಿಕೊಂಡು ಬಂದೆ.

ಮಾರನೆಯ ದಿನ ಆಕೆ ಬಂದಾಗ ತಮ್ಮ ಹೇಳಿದ. "ಇಲ್ಲಿ ಕೂತು ನೋಡಿದ್ರೆ ಗೊತ್ತಾಗಲ್ಲ. ಮನೇಲೇ ಒಂದು ಸಲ ನೋಡಬೇಕು, ನಿಮಗೆ ತೊಂದರೆ ಇಲ್ಲ ಅಂದ್ರೆ."

"ನಾನೂ ಬರ್ತೀನಿ," ಎಂದೆ. ಯಾರೂ ಕರೆದಿರಲಿಲ್ಲ. ಬೀದಿಯವರ ಬಾಯಿಗೆ ಬೀಗ ಹಾಕುವ ಕೆಲಸ ನಾನಲ್ಲದೆ ಇನ್ಯಾರು ಮಾಡಬೇಕು?

ಆಕೆಯ ಮನೆಯ ಮುಂದಿನ ಕೋಣೆಯೇ ಹೊಲಿಗೆಯ ಕೋಣೆ. ಕಿಟಕಿಗೆ ಮುಖ ಮಾಡಿದ ಮಶೀನು, ಪಕ್ಕದಲ್ಲಿ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ತೋಳಿಲ್ಲದ ಅಂಗಿಗಳು, ನೆಲದ ತುಂಬ ಬಣ್ಣಬಣ್ಣದ ಚಿಂದಿ. ನಾವು ಹೋದಾಗ ಆಕೆ ಕೆಲಸದಲ್ಲಿದ್ದಳು. ಎದ್ದು ಬಂದು ಮೇಜಿನ ಒಂದು ತುದಿ ಖಾಲಿ ಮಾಡಿ ಲ್ಯಾಪ್‌ಟಾಪಿಗೆ ಜಾಗ ಕೊಟ್ಟಳು.

"ಈಗ ನೀವೇ ನೋಡಿ," ಎಂದು ಗುಂಡಿ ಒತ್ತಿದಳು. ಬೆಳಕು ಬಂತು. ಪಾಸ್‌ವರ್ಡಿಗೆಂದು ಕೈಯಿಟ್ಟಳು. ಫಕ್ಕನೆ ಕತ್ತಲೆ.

ತಮ್ಮ ಒತ್ತಿದ. ಬೆಳಕು ಬಂತು, ಅಕ್ಷರ ಬಿದ್ದವು, ಏನೂ ಆಗಲಿಲ್ಲ. ಆಕೆ ಒತ್ತಿದಳು. ಮತ್ತೆ ಕತ್ತಲೆ.

"ನಿನ್ನನ್ನ ಕಂಡ್ರೆ ಅದಕ್ಕಾಗಲ್ಲ ಕಣಮ್ಮ," ಎಂದೆ.

ತಮ್ಮನಿಗೆ ನಗು ಬರಲಿಲ್ಲ. ಪ್ಲಗ್ ಬದಲಾಯಿಸಿದ. ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ನೋಡಿದ. ಮೇಜಿನಿಂದ ಕಿಟಕಿಯ ಕಟ್ಟೆಗೆ, ಅಲ್ಲಿಂದ ನೆಲಕ್ಕೆ ಇಳಿಸಿದ. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿದ, ನಿಲ್ಲಿಸಿದ, ಚಪ್ಪಲಿ ಹಾಕಿಸಿದ. ಅವನು ಮುಟ್ಟಿದರೆ ಎಚ್ಚರ, ಆಕೆ ಮುಟ್ಟಿದರೆ ನಿದ್ದೆ. ದಾರಿ ಬಿಡೋಣವೆಂದು ಹಿಂದೆ ಸರಿದ ನಾನು ಮೊಣಕೈ ತಾಗಿಸಿ ಗುಂಡುಸೂಜಿಯ ಡಬ್ಬಿಯನ್ನು ಕೆಳಗೆ ಬೀಳಿಸಿದೆ. ಸೂಜಿಗಳೆಲ್ಲ ಚಿಂದಿಯ ನಡುವೆ ಚೆಲ್ಲಾಪಿಲ್ಲಿಯಾದವು.

"ಇರಲಿ ಬಿಡಿ ಅಕ್ಕ, ನೀವು ಮುಟ್ಟಬೇಡಿ, ಚುಚ್ಚುತ್ತೆ," ಎಂದು ಆಕೆ ಬಗ್ಗಿದಳು. ಎಡಗೈಯ ಮಣಿಕಟ್ಟನ್ನು ನೆಲದ ಮೇಲೆ ಮೆಲ್ಲಗೆ ಸವರಿದಳು. ಅಲ್ಲಿ ಗಡಿಯಾರದ ಹಾಗೆ ಒಂದು ಕಪ್ಪು ಚರ್ಮದ ಪಟ್ಟಿ ಕಟ್ಟಿಕೊಂಡಿದ್ದಳು. ಸೂಜಿಗಳು ನೆಲ ಬಿಟ್ಟು ಎಗರಿ ಎಗರಿ ಅದಕ್ಕೆ ಅಂಟಿಕೊಂಡವು.

ತಮ್ಮ ಕೂತಲ್ಲೇ ಕಲ್ಲಾದ. ಆ ಪಟ್ಟಿಯನ್ನು ನೋಡಿದ, ಲ್ಯಾಪ್‌ಟಾಪನ್ನು ನೋಡಿದ, ಮತ್ತೆ ಪಟ್ಟಿಯನ್ನು ನೋಡಿದ.

"ಯಾರು ಮಾಡಿಕೊಟ್ಟಿದ್ದು ಇದನ್ನ?" ಎಂದು ಕೇಳಿದ.

"ಅವರೇ," ಎಂದಳು ಆಕೆ. ಅಂಟಿದ ಸೂಜಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಾ ಹೇಳಿದಳು. "ಮೊದಲು ನಾನು ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಕೆಲಸ ಮಾಡ್ತಿದ್ದೆ. ಅವರಿಗೆ ಜೀವ ಹೋಗ್ತಿತ್ತು, ಎಲ್ಲಿ ನುಂಗಿಬಿಡ್ತೀನೋ ಅಂತ. ಒಂದು ದಿನ ಕೆಟ್ಟ ಸ್ಪೀಕರಿನ ಅಯಸ್ಕಾಂತ ಬಿಚ್ಚಿಕೊಂಡು ಬಂದು, ಅವರ ಹಳೇ ಬೆಲ್ಟ್ ಕತ್ತರಿಸಿ, ಅದರೊಳಗಿಟ್ಟು ಹೊಲಿ ಅಂದ್ರು. ಹೊಲಿಗೆ ನಂದು, ಬುದ್ಧಿ ಅವರದ್ದು. ಬೆಳಿಗ್ಗೆ ಇದನ್ನ ಕಟ್ಟಿಕೊಳ್ಳದೆ ನಾನು ಕೆಲಸಕ್ಕೆ ಕೂರಲ್ಲ. ಬೀದಿಗೆ ಹೋಗೋವಾಗ ಮಾತ್ರ ತೆಗೆದಿಡ್ತೀನಿ. ಒಂದೆರಡು ಸೂಜಿ ಅಂಟಿಕೊಂಡೇ ಇರುತ್ತವೆ, ಯಾರಿಗಾದ್ರೂ ಚುಚ್ಚೀತು ಅಂತ."

ತಮ್ಮ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದ.

"ಇನ್ನೊಂದು ಸಲ ಅಂಗಡಿಗೆ ತಗೊಂಡು ಹೋಗ್ತೀನಿ," ಎಂದ.

"ಏನು ಅಂತ ಗೊತ್ತಾಯ್ತಾ?"

"ನೋಡೋಣ."

"ಹಾಡೆಲ್ಲ ಇದೆಯಾ ಅಂತ ಒಂದು ಸಲ ಹಾಕಿ ಕೇಳಿಬಿಡಿ," ಎಂದಳು ಬಾಗಿಲ ತನಕ ಬಂದು. "ಇಷ್ಟು ಸಲ ಬಿಚ್ಚಿದ್ದೀರಲ್ಲ, ಅದೊಂದು ಭಯ ನನಗೆ."

ಬೀದಿಯ ತಿರುವು ದಾಟುವವರೆಗೂ ನಾನು ಹೇಗೋ ತಡೆದುಕೊಂಡೆ. ಆಮೇಲೆ ಅವನ ತೋಳು ಹಿಡಿದು ನಿಲ್ಲಿಸಿ ಏನೆಂದು ಕೇಳಿದೆ. ಅವನು ಹೇಳಿದ. ಲ್ಯಾಪ್‌ಟಾಪಿನ ಮುಚ್ಚಳದ ಅಂಚಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದಂತೆ. ಕೆಳಗೆ, ನಾವು ಕೈ ಊರುವ ಜಾಗದಲ್ಲಿ, ಅದನ್ನು ಗುರುತಿಸುವ ಒಂದು ಸಣ್ಣ ಸೆನ್ಸರ್. ಅಯಸ್ಕಾಂತ ಹತ್ತಿರ ಬಂತೆಂದರೆ ಮುಚ್ಚಳ ಮುಚ್ಚಿದರು ಎಂದುಕೊಂಡು ಅದು ಎಲ್ಲವನ್ನೂ ನಿಲ್ಲಿಸುತ್ತದೆ. ಆಕೆಯ ಎಡಗೈ ಬಂದು ಕೂರುವುದು ಸರಿಯಾಗಿ ಅದರ ಮೇಲೇ. ಗಂಡ ಇದ್ದಾಗ ಹಾಡು ಹಾಕುತ್ತಿದ್ದವನು ಅವನು, ಆಕೆ ಅದನ್ನು ಮುಟ್ಟುತ್ತಲೇ ಇರಲಿಲ್ಲ. ನಮ್ಮ ಅಂಗಡಿಗೆ ಬರುವಾಗ ಪಟ್ಟಿ ಮನೆಯಲ್ಲಿರುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಹುಳುಕೇ ಇರಲಿಲ್ಲ.

"ಅಷ್ಟೇನಾ?" ಎಂದೆ. "ವಾಪಸ್ ನಡಿ. ಅದನ್ನ ಬಿಚ್ಚಿಟ್ಟು ಇದನ್ನ ಮುಟ್ಟಮ್ಮ ಅಂತ ಒಂದು ಮಾತು ಹೇಳಿ ಬರೋಣ. ಕೆಲಸ ಮುಗೀತು."

ಅವನು ನಿಂತಲ್ಲಿಂದ ಕದಲಲಿಲ್ಲ. "ನಾನು ಹೇಗಕ್ಕ ಹೇಳಲಿ?"

"ಬಾಯಲ್ಲಿ ಹೇಳು."

"ಅವರ ಗಂಡ ಕಟ್ಟಿದ್ದನ್ನ ಬಿಚ್ಚಿಡಿ ಅಂತ ಬೇರೆ ಯಾರಾದ್ರೂ ಹೇಳಬಹುದು. ನಾನು ಹೇಳೋ ಹಾಗಿಲ್ಲ."

"ಯಾಕಂತೆ?"

"ಯಾಕೆ ಅಂತ ನಿನಗೂ ಗೊತ್ತು," ಎಂದ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಬಿಚ್ಚಿಡಲಿ ಅನ್ನೋ ಆಸೆ ನನಗಿದೆಯಲ್ಲ."

ಇವನಿಗೆ ಆಸೆ ಎನ್ನುವುದೇ ಇಲ್ಲ, ಕಲ್ಲುಬಂಡೆ ಎಂದು ಎಷ್ಟು ಜನರ ಮುಂದೆ ಬೈದಿದ್ದೆ. "ನಾನು ಹೇಳಲೇನೋ?" ಎಂದರೆ ಬೇಡವೆಂದು ತಲೆಯಾಡಿಸಿದ. ಚೀಲ ಹಿಡಿದು ಅಂಗಡಿಯ ಕಡೆ ನಡೆದ.

ಗಿರಾಕಿಗಳ ಫೈಲುಗಳನ್ನು ಇವನು ಎಂದೂ ತೆರೆಯುವುದಿಲ್ಲ. ಬಾಗಿಲು ರಿಪೇರಿಗೆ ಬಂದವನು ಅಡುಗೆಮನೆ ಇಣುಕಬಾರದು ಎನ್ನುತ್ತಾನೆ. ಅಂದು ಆಕೆಯೇ ಪಾಸ್‌ವರ್ಡನ್ನೂ ಕೊಟ್ಟು ಹೇಳಿದ್ದಳಲ್ಲ, ಮಧ್ಯಾಹ್ನ ಹಾಡುಗಳನ್ನು ಹಾಕಿದ. ನಾನು ನನ್ನ ಯಂತ್ರದ ಮುಂದೆ ನಿಂತು ಯಾರದೋ ಪಾಠದ ಪುಟಗಳನ್ನು ತೆಗೆಯುತ್ತಿದ್ದೆ. ಆ ಮೈಕ್‌ಸೆಟ್ಟಿನವನಿಗೆ ಹಾಡು ಜೋಡಿಸುವುದು ಗೊತ್ತಿತ್ತು, ಇಲ್ಲವೆನ್ನುವ ಹಾಗಿಲ್ಲ. ಕುಣಿಯುವಂಥದ್ದರ ಹಿಂದೆ ಜೋಗುಳದಂಥದ್ದು, ಅದು ಮನಸ್ಸನ್ನು ಹಿಂಡುವಷ್ಟರಲ್ಲಿ ನಗಿಸುವಂಥದ್ದು. ದಿನವಿಡೀ ಬೆನ್ನು ಬಗ್ಗಿಸಿ ಕೂರುವವಳಿಗೆ ಯಾವಾಗ ಏನು ಬೇಕೆಂದು ತಿಳಿದವನ ಕೆಲಸ.

ಒಂದು ಹಾಡು ಮುಗಿಯಿತು. ಇನ್ನೊಂದು ಶುರುವಾಗುವ ಮೊದಲು ಒಂದು ಗಂಡು ದನಿ ಬಂತು. ಯಾವುದೋ ಸಭೆಯಲ್ಲಿ ಮೈಕ್ ಪರೀಕ್ಷೆ ಮಾಡಿದ್ದು ಹಾಗೇ ಉಳಿದುಕೊಂಡಿರಬೇಕು. "ಹಲೋ. ಹಲೋ. ಹಿಂದೆ ಕೂತಿರೋರಿಗೆ ಕೇಳಿಸ್ತಾ ಇದೆಯಾ?"

ನಾನು ಯಂತ್ರ ನಿಲ್ಲಿಸಿದೆ.

"ಕೇಳಿಸ್ತಾ ಇದೆ," ಎಂದ ನನ್ನ ತಮ್ಮ.

ನನಗೆ ಹೇಳಿದ್ದಲ್ಲ. ನಾನು ಅಲ್ಲಿರುವುದೇ ಅವನಿಗೆ ಮರೆತಿತ್ತು. ಮುಂದಿನ ಹಾಡು ಶುರುವಾಯಿತು. ಅದು ಮುಗಿಯುವವರೆಗೂ ಕೈಕಟ್ಟಿಕೊಂಡು ಕೂತಿದ್ದು, ಆಮೇಲೆ ಲ್ಯಾಪ್‌ಟಾಪನ್ನು ಆಫ್ ಮಾಡಿ, ಮಗುಚಿ ಹಾಕಿ, ಮೊಟ್ಟೆಯ ಟ್ರೇಯನ್ನು ಹತ್ತಿರಕ್ಕೆ ಎಳೆದುಕೊಂಡ.

ಆ ಸಂಜೆಯೆಲ್ಲ ಅದರಲ್ಲೇ ಇದ್ದ. ಮುಚ್ಚಳ ಮುಚ್ಚಿದ ಕೂಡಲೇ ಪೂರ್ತಿ ಆಫ್ ಆಗಬೇಕೆಂದು ಮೈಕ್‌ಸೆಟ್ಟಿನವನೇ ಇಟ್ಟುಕೊಂಡಿದ್ದನಂತೆ. ಕಾರ್ಯಕ್ರಮ ಮುಗಿದ ಮೇಲೆ ಮುಚ್ಚಿ ವ್ಯಾನಿಗೆ ಹಾಕುವ ಅವಸರ ಅವನದ್ದು. ಆ ಏರ್ಪಾಡನ್ನು ಬದಲಾಯಿಸಿ ನೋಡಿದರೆ ಪೂರ್ತಿ ಆಫ್ ಆಗುವುದು ನಿಂತಿತು, ಆದರೆ ಅಯಸ್ಕಾಂತ ಹಿಡಿದಾಗಲೆಲ್ಲ ಪರದೆ ಕಪ್ಪಾಗುವುದು ನಿಲ್ಲಲಿಲ್ಲ. ಕೊನೆಗೆ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಆ ಸೆನ್ಸರನ್ನೇ ಕಿತ್ತು ತೆಗೆದ. ಎಸೆಯಲಿಲ್ಲ, ಒಂದು ಚಿಕ್ಕ ಡಬ್ಬಿಗೆ ಹಾಕಿ ಡ್ರಾಯರಿನಲ್ಲಿಟ್ಟ.

ತೆಗೆದುಕೊಳ್ಳಲು ಬಂದಾಗ ಪಟ್ಟಿ ಕಟ್ಟಿಕೊಂಡು ಬರುವಂತೆ ಹೇಳಿ ಕಳಿಸಿದ್ದ. ಆಕೆ ಕಟ್ಟಿಕೊಂಡು ಬಂದಳು, ಸೂಜಿಗಳನ್ನು ತೆಗೆದಿಟ್ಟು. ಎಡಗೈ ಊರಿ ಪಾಸ್‌ವರ್ಡ್ ಹಾಕಿದಳು. ಬೆಳಕು ಆರಲಿಲ್ಲ. ಇನ್ನೊಂದು ಸಲ ಕೈ ಎತ್ತಿ ಇಟ್ಟಳು. ಆರಲಿಲ್ಲ.

"ಇದರಲ್ಲಿ ಒಬ್ಬ ಕಾವಲುಗಾರ ಇದ್ದ," ಎಂದು ತಮ್ಮ ಹೇಳಿದ. ಆಕೆಯ ಮುಖ ನೋಡದೆ, ಮೇಜಿಗೆ ಹೇಳಿದ. "ಅಯಸ್ಕಾಂತ ಹತ್ತಿರ ಬಂದ್ರೆ ಬಾಗಿಲು ಹಾಕಿದ್ರು ಅಂದ್ಕೊಂಡು ದೀಪ ಆರಿಸ್ತಿದ್ದ. ಅವನನ್ನ ತೆಗೆದಿದ್ದೀನಿ. ಇನ್ನು ಮೇಲೆ ಮುಚ್ಚಳ ಮುಚ್ಚಿದ್ರೆ ತಾನಾಗಿ ಆಫ್ ಆಗಲ್ಲ, ನೀವೇ ಮಾಡಬೇಕು. ಕೈಯಲ್ಲಿರೋದು ಕೈಯಲ್ಲೇ ಇರಲಿ."

ಆಕೆ ಮಣಿಕಟ್ಟಿನ ಪಟ್ಟಿಯನ್ನು ಬಲಗೈಯಿಂದ ಮುಚ್ಚಿ ಹಿಡಿದುಕೊಂಡು ನಿಂತಳು.

"ಇದನ್ನ ಬಿಚ್ಚಿಡು ಅಂದಿದ್ರೆ ಸಾಕಿತ್ತಲ್ವಾ?" ಎಂದು ಕೇಳಿದಳು.

"ಸಾಕಿತ್ತು."

"ಮತ್ತೆ ಯಾಕೆ ಇಷ್ಟೆಲ್ಲ?"

ಅವನು ಮೇಜಿನ ಮೇಲಿನ ಬ್ರಷ್ಷುಗಳನ್ನು ಜೋಡಿಸತೊಡಗಿದ. ನಾನು ಬಾಯಿ ತೆರೆದೆ, ಅಪರೂಪಕ್ಕೆ ಮುಚ್ಚಿಕೊಂಡೆ. ಆಕೆ ಲ್ಯಾಪ್‌ಟಾಪನ್ನು ಚೀಲಕ್ಕಿಟ್ಟು, ಎದೆಗವಚಿಕೊಂಡು, "ಬರ್ತೀನಿ" ಎಂದು ಹೊರಟಳು. ಬೀದಿಗಿಳಿದು ಒಂದು ಸಲ ತಿರುಗಿ ನೋಡಿದಳು. ಇವನು ನೋಡಲಿಲ್ಲ, ದೀಪ ಬಗ್ಗಿಸುತ್ತಿದ್ದ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದು ಎಂದರೆ ಇದೇ ಎಂದು ಹಲ್ಲು ಕಡಿದೆ.

ಆಮೇಲೆ ಆಕೆ ಬರಲಿಲ್ಲ. ಬರಲು ಕಾರಣವೇ ಇರಲಿಲ್ಲ, ಇವನು ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದ. ಬೆಳಿಗ್ಗೆ ನನ್ನ ಯಂತ್ರ ಸುಮ್ಮನಿರುವ ಹೊತ್ತಿನಲ್ಲಿ ಹಿಂದಿನ ಕಿಟಕಿಯಿಂದ ಹಾಡುಗಳು ಕೇಳಿಸುತ್ತಿದ್ದವು. ಅದರ ಸಂದಿಯಲ್ಲಿ ಹೊಲಿಗೆ ಮಶೀನಿನ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಮೊದಲು ಆ ಕಿಟಕಿಯನ್ನು ಇವನು ದೂಳು ಬರುತ್ತದೆಂದು ತೆರೆಯುತ್ತಲೇ ಇರಲಿಲ್ಲ. ಈಗ ಬಂದ ಕೂಡಲೇ ತೆರೆಯುವುದೇ ಅದನ್ನು. ಬಿಚ್ಚಿಟ್ಟ ಲ್ಯಾಪ್‌ಟಾಪುಗಳ ಮೇಲೆ ದೂಳು ಬಿದ್ದರೆ ಬೀಳಲಿ.

ದಿನ ಹೋದ ಹಾಗೆ ಒಂದು ವಿಷಯ ಗಮನಿಸಿದೆ. ಅಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲೇ, ಇಲ್ಲಿ ಇವನ ಬಾಯಲ್ಲಿ ಮುಂದಿನದು ಬರುತ್ತಿತ್ತು. ಯಾವುದರ ಹಿಂದೆ ಯಾವುದು ಎಂದು ಗೊತ್ತಿದ್ದವನು ಒಬ್ಬನೇ ಇದ್ದ, ಅವನೂ ಹೋದ ಎಂದುಕೊಂಡಿದ್ದೆವಲ್ಲ. ಈಗ ಇನ್ನೊಬ್ಬನಿಗೆ ಬಾಯಿಪಾಠವಾಗಿತ್ತು. ಆ ಗಂಡು ದನಿ ಹಿಂದೆ ಕೂತವರನ್ನು ಕೇಳುವ ಕಡೆ ಮಾತ್ರ ಇವನ ಕೈ ನಿಲ್ಲುತ್ತಿತ್ತು. ಅದು ದಾಟಿದ ಮೇಲೆ ಮತ್ತೆ ಕೆಲಸ ಮುಂದುವರಿಯುತ್ತಿತ್ತು. ಇದನ್ನು ನೋಡುತ್ತ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

"ಹೋಗಿ ಮಾತಾಡಿಸಿಕೊಂಡು ಬಾರೋ," ಎಂದೆ ಒಂದು ದಿನ.

"ಏನು ಅಂತ?"

"ಲ್ಯಾಪ್‌ಟಾಪ್ ಸರಿ ಇದೆಯಾ ಅಂತ ಕೇಳು."

"ಸರಿ ಇರೋದು ಕೇಳಿಸ್ತಾನೇ ಇದೆಯಲ್ಲಕ್ಕ."

ಇಂಥವನಿಗೆ ಏನು ಹೇಳುವುದು? ಬೇರೆಯವರಾಗಿದ್ದರೆ ಅರೆಬರೆ ರಿಪೇರಿ ಮಾಡಿ ಒಂದು ದಾರಿ ಉಳಿಸಿಕೊಳ್ಳುತ್ತಿದ್ದರು. ಇವನು ತನ್ನ ಕೈಯಾರೆ ಬಾಗಿಲು ಮುಚ್ಚಿಕೊಂಡು ಕಿಟಕಿಯಲ್ಲಿ ಕೂತಿದ್ದ. ಗಡ್ಡ ಮತ್ತೆ ಬೆಳೆಯಿತು, ಮೊಣಕೈ ಹರಿದ ಅಂಗಿ ಮತ್ತೆ ಬಂತು. ಅದನ್ನು ಹೊಲಿಸಿಕೊಂಡು ಬರುತ್ತೇನೆಂದು ನಾನು ಅಂದರೆ, ಬೇಡವೆಂದ.

ಒಂದು ಬೆಳಿಗ್ಗೆ ಹಾಡು ಕೇಳಿಸಲಿಲ್ಲ. ಇವನು ಎರಡು ಸಲ ಎದ್ದು ಕಿಟಕಿಯಿಂದ ಕತ್ತು ಚಾಚಿ ನೋಡಿದ. ಮಶೀನಿನ ಸದ್ದೂ ಇರಲಿಲ್ಲ. ಹುಷಾರಿಲ್ಲವೋ ಏನೋ, ಹೋಗಿ ನೋಡಿಕೊಂಡು ಬರೋಣವೆಂದು ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅಷ್ಟರಲ್ಲಿ ಆಕೆಯೇ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅದೇ ಚೀಲ, ಮಣಿಕಟ್ಟಿನಲ್ಲಿ ಅದೇ ಕಪ್ಪು ಪಟ್ಟಿ.

"ಮತ್ತೆ ಆಫ್ ಆಗ್ತಾ ಇದೆ," ಎಂದಳು.

ತಮ್ಮ ಲ್ಯಾಪ್‌ಟಾಪ್ ತೆರೆದು ಗುಂಡಿ ಒತ್ತಿ ಆಕೆಯ ಕಡೆ ತಿರುಗಿಸಿದ. ಬೆಳಕು ಬಂತು. ಆಕೆ ಎಡಗೈಯನ್ನು ಪಟ್ಟಿಯ ಸಮೇತ ಊರಿ ಪಾಸ್‌ವರ್ಡ್ ಹಾಕಿದಳು. ಹಾಕಿದ ಮೇಲೂ ಕೈ ತೆಗೆಯಲಿಲ್ಲ. ಮೂವರೂ ಪರದೆಯನ್ನೇ ನೋಡುತ್ತಿದ್ದೆವು. ಅದು ಹಗಲಿನಷ್ಟು ಬೆಳ್ಳಗೆ ಬೆಳಗುತ್ತಾ ನಿಂತಿತ್ತು.

ಆ ಕಾವಲುಗಾರ ಡ್ರಾಯರಿನ ಡಬ್ಬಿಯಲ್ಲಿದ್ದ. ಆ ಕೈಗೆ ಆ ಲ್ಯಾಪ್‌ಟಾಪ್ ಇನ್ನು ಆರುವ ಹಾಗೇ ಇರಲಿಲ್ಲ. ಇದು ಇವನಿಗೆ ಗೊತ್ತು, ನನಗೆ ಗೊತ್ತು, ಇವನೇ ಬಿಡಿಸಿ ಹೇಳಿದ್ದರಿಂದ ಆಕೆಗೂ ಗೊತ್ತು.

"ಮನೇಲಿ ಆಫ್ ಆಗುತ್ತೆ," ಎಂದಳು ಆಕೆ, ಕೀಲಿಗಳ ಮೇಲಿನ ಕಣ್ಣು ಎತ್ತದೆ.

ನಾನು ಇವನ ಬಾಯನ್ನೇ ನೋಡುತ್ತಿದ್ದೆ. ಆ ಹಾಳು ಮಾತು ಇನ್ನೇನು ಬಂತು, ಬಂದರೆ ಈ ಕಾಗದದ ಕಟ್ಟು ಎತ್ತಿ ತಲೆ ಮೇಲೆ ಹಾಕುತ್ತೇನೆ ಎಂದುಕೊಂಡೆ. ತುಟಿ ಅಲ್ಲಾಡಿತು. ನಿಂತಿತು. ಹರಿದ ಮೊಣಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

"ಕೂತ್ಕೊಳ್ಳಿ," ಎಂದ.

ಸುತ್ತ ನೋಡಿದರೆ ಕೂರಲು ಜಾಗವೇ ಇರಲಿಲ್ಲ. ನಾನು ಚಪ್ಪಲಿ ಬಿಟ್ಟು ಬಂದು, ಸ್ಟೂಲಿನ ಮೇಲಿನ ಕಾಗದದ ಕಟ್ಟುಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಟ್ಟೆ.